ಸ್ಪೇಸ್: 1999

ಬ್ರಿಟನ್ನಿನಲ್ಲಿ ತಯಾರಾದ ವೈಜ್ಞಾನಿಕ ಕಾಲ್ಪನಿಕ ಟಿವಿ ಧಾರಾವಾಹಿ. ರೂಪಿಸಿದವರು ಗೆರ್ರಿ ಆ್ಯಂಡರ್ಸನ್ ಮತ್ತು ಸಿಲ್ವಿಯಾ ಆ್ಯಂಡರ್ಸನ್ ದಂಪತಿ. ಹಣ ಹೂಡಿದ್ದು ಲ್ಯೂ ಗ್ರೇಡ್ ನೇತೃತ್ವದ ಐಟಿಸಿ ಸಂಸ್ಥೆ. ಮೊದಲ ಸೀಸನ್ನಿಗೆ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್ ಕೂಡ ಪಾಲುದಾರನಾಗಿತ್ತು. ಬ್ರಿಟನ್ನಿನಲ್ಲಿ ಮೊದಲ ಕಂತು ಪ್ರಸಾರವಾದದ್ದು 1975ರ ಸೆಪ್ಟೆಂಬರ್ 4ರಂದು, ಕೊನೆಯದು 1977ರ ನವೆಂಬರಿನಲ್ಲಿ. ಎರಡು ಸೀಸನ್, ಒಂದೊಂದರಲ್ಲಿ 24ರಂತೆ ಒಟ್ಟು 48 ಕಂತು. ಕಂತಿಗೆ ಸುಮಾರು 50 ನಿಮಿಷ. ಅಲ್ಲಿಯವರೆಗಿನ ಬ್ರಿಟಿಷ್ ಟಿವಿ ಸರಣಿಗಳಲ್ಲಿ ಅತಿ ಹೆಚ್ಚು ಖರ್ಚು ಬೇಡಿದ್ದು ಇದೇ.

ಇಷ್ಟಾಗಿಯೂ ಇಂದು ಇದರ ಹೆಸರು ಎತ್ತಿದರೆ ಗೊತ್ತು ಎನ್ನುವವರು ಕಡಿಮೆ. ಮುಂಚೆ ಬಂದ ಸ್ಟಾರ್ ಟ್ರೆಕ್ಕಿನ ಜನಪ್ರಿಯತೆ ಒಂದು ಕಡೆ, 1977ರಲ್ಲಿ ಬಂದ ಸ್ಟಾರ್ ವಾರ್ಸ್ ಚಿತ್ರದ ಅಬ್ಬರ ಇನ್ನೊಂದು ಕಡೆ. ನಡುವೆ ಇದು ಮಸುಕಾಯಿತು. ನೆನಪಿಟ್ಟುಕೊಂಡವರಲ್ಲೂ ಒಮ್ಮತವಿಲ್ಲ. ಕೆಲವು ಕಂತುಗಳು ಮೈ ಜುಮ್ಮೆನಿಸುತ್ತವೆ, ಕೆಲವನ್ನು ಅರ್ಧಕ್ಕೇ ನಿಲ್ಲಿಸಬೇಕೆನಿಸುತ್ತದೆ. ನಲವತ್ತೆಂಟನ್ನೂ ತಯಾರಾದ ಕ್ರಮದಲ್ಲಿ ಮತ್ತೆ ನೋಡುತ್ತ ಹೋದರೆ, ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಧಾರಾವಾಹಿಗಳಿರುವುದು ಕಾಣುತ್ತದೆ. ಮೊದಲನೆಯದು, ತಿಳಿಯಲಾಗದ್ದರ ಮುಂದೆ ನಿಂತ ಮನುಷ್ಯರ ಅಂಜಿಕೆ ಮತ್ತು ಬೆರಗಿನ ಕಥೆ. ಎರಡನೆಯದು ವಾರಕ್ಕೊಂದು ಗಂಡಾಂತರವನ್ನು ಗೆಲ್ಲುವ ಸಾಹಸ. ಮೊದಲನೆಯದು ಎಡವಿದ ಜಾಗಗಳೂ ಎರಡನೆಯದು ಗೆದ್ದ ಜಾಗಗಳಿಗಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿಯುತ್ತವೆ. ಈ ಲೇಖನ ಮೊದಲನೆಯದರ ಕಡೆಗೇ ಹೆಚ್ಚು ವಾಲಲು ಕಾರಣ ಅದು.

ಕಥೆ

1999ನೇ ಇಸವಿ. ಚಂದ್ರನ ಮೇಲೆ ಮೂನ್‌ಬೇಸ್ ಆಲ್ಫಾ ಎಂಬ ನೆಲೆ, ಅದರಲ್ಲಿ 311 ಮಂದಿ. ಭೂಮಿಯ ಪರಮಾಣು ತ್ಯಾಜ್ಯವನ್ನು ಚಂದ್ರನ ಆಚೆ ಬದಿಗೆ ಸಾಗಿಸಿ ಹೂಳಲಾಗುತ್ತಿದೆ. ಹೊಸ ಕಮಾಂಡರ್ ಜಾನ್ ಕೋನಿಗ್ ಅಧಿಕಾರ ವಹಿಸಿಕೊಳ್ಳಲು ಬರುವ ಹೊತ್ತಿಗೆ ಆ ಗುಂಡಿಗಳ ಬಳಿ ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಬುದ್ಧಿ ಕೆಟ್ಟು ಸಾಯುತ್ತಿದ್ದಾರೆ. ಇದು ವಿಕಿರಣದಿಂದ ಬಂದ ಕಾಯಿಲೆಯಲ್ಲ ಎಂದು ವೈದ್ಯೆ ಹೆಲೆನಾ ರಸೆಲ್ ಪಟ್ಟು ಹಿಡಿಯುತ್ತಾಳೆ. ತ್ಯಾಜ್ಯದ ರಾಶಿಯಿಂದ ಹುಟ್ಟುತ್ತಿರುವ ಕಾಂತೀಯ ಪ್ರಭಾವವೇ ಕಾರಣ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿರುತ್ತದೆ. ಸೆಪ್ಟೆಂಬರ್ 13ರಂದು ಗುಂಡಿಗಳು ಸಿಡಿದು, ಆ ಸ್ಫೋಟ ರಾಕೆಟ್ಟಿನಂತೆ ಚಂದ್ರನನ್ನೇ ಭೂಮಿಯ ಸುತ್ತಿನಿಂದ ಕಿತ್ತು ಒಯ್ಯುತ್ತದೆ.

ಮೊದಲ ಕಂತಾದ ‘ಬ್ರೇಕ್‌ಅವೇ’ಯಲ್ಲಿ ಒಂದು ಗಳಿಗೆಯಿದೆ. ಗಗನನೌಕೆ ಹತ್ತಿ ಭೂಮಿಗೆ ಮರಳಲು ಯತ್ನಿಸಬೇಕೇ, ಇಲ್ಲೇ ಉಳಿಯಬೇಕೇ? ಕೋನಿಗ್ ಕಂಪ್ಯೂಟರನ್ನು ಕೇಳುತ್ತಾನೆ. ತೀರ್ಮಾನ ಮನುಷ್ಯರೇ ಮಾಡಬೇಕು ಎಂದು ಅದು ಕೈಚೆಲ್ಲುತ್ತದೆ. ಸುತ್ತ ನಿಂತವರ ಕಣ್ಣೆಲ್ಲ ಅವನ ಮೇಲೆ. ಪ್ರಯತ್ನಿಸಿದರೆ ಸೋಲುತ್ತೇವೆ ಎಂದು ಅವನು ಹೇಳುತ್ತಾನೆ, ಯಾರೂ ಎದುರಾಡುವುದಿಲ್ಲ. ವೀರಾವೇಶದ ಒಂದು ಮಾತೂ ಅಲ್ಲಿಲ್ಲ. ಮುಂದಿನ ಇಪ್ಪತ್ತಮೂರು ಕಂತುಗಳ ಸ್ವರ ಅಲ್ಲಿಯೇ ಸ್ಥಿರವಾಯಿತು. ಸ್ಟಾರ್ ಟ್ರೆಕ್ಕಿನವರು ಹುಡುಕಿಕೊಂಡು ಹೊರಟವರು. ಕೈಯಲ್ಲಿ ಚುಕ್ಕಾಣಿ ಇದೆ, ಬೇಡವೆನಿಸಿದರೆ ತಿರುಗಿ ಬರಬಹುದು. ಆಲ್ಫಾದವರು ತ್ರಿಶಂಕುಗಳು. ಅವರ ಬಂಡೆ ಎತ್ತ ಒಯ್ದರೆ ಅತ್ತ, ಎಷ್ಟು ಹೊತ್ತು ಒಂದು ಗ್ರಹದ ಬಳಿ ಹಾದರೆ ಅಷ್ಟು ಹೊತ್ತು ಮಾತ್ರ ಅಲ್ಲಿ ನೆಲೆಸುವ ಆಸೆ. ಆಸೆ ಹುಟ್ಟುವುದು, ಗ್ರಹ ಹಿಂದೆ ಸರಿಯುವುದು: ಇದೇ ಮೊದಲ ಸೀಸನ್ನಿನ ಲಯ.

ಹುಟ್ಟಿದ ಬಗೆ

ಆ್ಯಂಡರ್ಸನ್ ದಂಪತಿ ಹೆಸರು ಮಾಡಿದ್ದು ಗೊಂಬೆಗಳಿಂದ. 1960ರ ದಶಕದ ಥಂಡರ್‌ಬರ್ಡ್ಸ್ ಅವರದೇ. ಸಜೀವ ನಟರನ್ನಿಟ್ಟು ಅವರು ತೆಗೆದ ಮೊದಲ ಟಿವಿ ಸರಣಿ 1970ರಲ್ಲಿ ಬಂದ ಯುಎಫ್‌ಒ. ಅದಕ್ಕೊಂದು ಎರಡನೇ ಸೀಸನ್ ತೆಗೆಯುವ ಮಾತಾಗಿತ್ತು. ಚಂದ್ರನ ನೆಲೆಯನ್ನು ದೊಡ್ಡದು ಮಾಡಿ 1999ರಲ್ಲಿ ಕಥೆ ನಡೆಸುವ ಯೋಜನೆ. ಸಿದ್ಧತೆಯೂ ಶುರುವಾಗಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಯುಎಫ್‌ಒ ನೋಡುಗರ ಸಂಖ್ಯೆ ಕುಸಿದು ಯೋಜನೆ ಬಿದ್ದುಹೋಯಿತು. ಮಾಡಿದ ಕೆಲಸ ವ್ಯರ್ಥವಾಗಬಾರದೆಂದು ಗೆರ್ರಿ ಆ್ಯಂಡರ್ಸನ್ ಅದನ್ನೇ ಹೊಸ ಸರಣಿಯಾಗಿ ಮಾರ್ಪಡಿಸಲು ಹೊರಟರು. ನ್ಯೂಯಾರ್ಕಿನ ಐಟಿಸಿ ಕಚೇರಿಯ ಮುಖ್ಯಸ್ಥ ಏಬ್ ಮ್ಯಾಂಡೆಲ್ ಒಂದು ಷರತ್ತು ಹಾಕಿದರು: ಭೂಮಿಯ ಮೇಲೆ ನಡೆಯುವ ಕಥೆ ಬೇಡ. ಭೂಮಿಗೆ ಮರಳಲಾಗದಂತೆ ಚಂದ್ರನನ್ನೇ ದೂರ ಒಯ್ದರಾಯಿತು ಎಂಬ ಊಹೆ ಹುಟ್ಟಿದ್ದು ಆ ಇಕ್ಕಟ್ಟಿನಿಂದ. ವ್ಯಾಪಾರದ ಒತ್ತಾಯಕ್ಕೆ ಮಣಿದು ಹುಟ್ಟಿದ ಕಲ್ಪನೆಯೊಂದು ಇಷ್ಟು ಒಂಟಿತನವನ್ನು ಹೊತ್ತು ತಂದದ್ದು ವಿಸ್ಮಯ.

ಅಮೆರಿಕದಲ್ಲಿ ಮಾರಾಟವಾಗಬೇಕಾದರೆ ಅಮೆರಿಕದ ತಾರೆಯರು ಬೇಕಿತ್ತು. ಮಿಷನ್: ಇಂಪಾಸಿಬಲ್‌ನಿಂದ ಮನೆಮಾತಾಗಿದ್ದ ಮಾರ್ಟಿನ್ ಲ್ಯಾಂಡೌ ಮತ್ತು ಬಾರ್ಬರಾ ಬೇನ್ ಬಂದರು, ಆಗ ಅವರಿಬ್ಬರೂ ಗಂಡಹೆಂಡತಿ. ಈ ಆಯ್ಕೆ ಸಿಲ್ವಿಯಾ ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಮೂರನೆಯ ಮುಖ್ಯ ಪಾತ್ರ ಪ್ರೊಫೆಸರ್ ವಿಕ್ಟರ್ ಬರ್ಗ್‌ಮನ್. ಯಾಂತ್ರಿಕ ಹೃದಯವಿರುವ ವೃದ್ಧ ವಿಜ್ಞಾನಿ. ಅದನ್ನು ವಹಿಸಿದ ಬ್ಯಾರಿ ಮೋರ್ಸ್ ಇಡೀ ಸೀಸನ್ನಿಗೆ ಬೆಚ್ಚನೆಯ ಮನೆಯ ಹಿರಿಯನಂತಿದ್ದಾರೆ. ಪೈಲಟ್ ಅಲನ್ ಕಾರ್ಟರ್ ಆಗಿ ಆಸ್ಟ್ರೇಲಿಯಾದ ನಿಕ್ ಟೇಟ್, ಸಾಂಡ್ರಾ ಆಗಿ ಬರ್ಮಾದಲ್ಲಿ ಹುಟ್ಟಿದ ಝೀನಿಯಾ ಮರ್ಟನ್, ಕಂಪ್ಯೂಟರ್ ತಜ್ಞ ಕೇನೋ ಆಗಿ ಜಮೈಕಾ ಮೂಲದ ಕ್ಲಿಫ್ಟನ್ ಜೋನ್ಸ್. 1970ರ ದಶಕದ ಬ್ರಿಟಿಷ್ ಟಿವಿಯಲ್ಲಿ ಇಷ್ಟು ನಾಡಿನ ಮುಖಗಳು ಯಾವ ವಿವರಣೆಯೂ ಇಲ್ಲದೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವುದು ಅಪರೂಪವಾಗಿತ್ತು.

ಚಿತ್ರೀಕರಣ 1973ರ ಕೊನೆಯಲ್ಲಿ ಪೈನ್‌ವುಡ್ ಸ್ಟುಡಿಯೋದಲ್ಲಿ ಆರಂಭವಾಯಿತು. ಮನುಷ್ಯ ಚಂದ್ರನ ಮೇಲೆ ಕೊನೆಯ ಹೆಜ್ಜೆ ಇಟ್ಟು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಹತ್ತು ದಿನದಲ್ಲಿ ಮುಗಿಯಬೇಕಿದ್ದ ಮೊದಲ ಕಂತು ಎರಡು ಪಟ್ಟಿಗೂ ಹೆಚ್ಚು ದಿನ ತಿಂದಿತು. ಲೀ ಕಾಟ್ಜಿನ್ ನಿರ್ದೇಶಿಸಿದ ಆ ಕಂತಿನ ಕೆಲವು ಭಾಗಗಳನ್ನು ಮತ್ತೆ ತೆಗೆಯಬೇಕಾಯಿತು. ಪ್ರತಿ ಚಿತ್ರಕಥೆಯನ್ನೂ ಟೆಲೆಕ್ಸ್ ಮೂಲಕ ನ್ಯೂಯಾರ್ಕಿಗೆ ಕಳಿಸಿ, ಅಲ್ಲಿನ ತಿದ್ದುಪಡಿ ಬಂದ ಮೇಲೆ ಮುಂದುವರಿಯುವ ಪದ್ಧತಿ. ಕಥಾ ವಿಭಾಗ ನೋಡಿಕೊಂಡವರು ಕ್ರಿಸ್ಟೋಫರ್ ಪೆನ್‌ಫೋಲ್ಡ್ ಮತ್ತು ಐರಿಷ್ ಲೇಖಕ ಜಾನಿ ಬರ್ನ್. ನಿರ್ದೇಶಕರಲ್ಲಿ ಚಾರ್ಲ್ಸ್ ಕ್ರೈಟನ್ ಹಿರಿಯರು. ಈಲಿಂಗ್ ಸ್ಟುಡಿಯೋಗೆ ದಿ ಲ್ಯಾವೆಂಡರ್ ಹಿಲ್ ಮಾಬ್‌ನಂಥ ಹಾಸ್ಯಚಿತ್ರ ಕೊಟ್ಟವರು ಇಲ್ಲಿ ಸಾವಿನ ಕಥೆಗಳನ್ನು ತೆಗೆದರು. ಮೊದಲ ಸೀಸನ್ನಿನ ಚಿತ್ರೀಕರಣ ಮುಗಿಯಲು 1975ರ ಫೆಬ್ರವರಿಯಾಯಿತು.

ಈಗಲ್ ಮತ್ತು ಬ್ರೇ ಸ್ಟುಡಿಯೋ

ಕಥೆ ಮರೆತವರೂ ಮರೆಯದ ಒಂದು ವಸ್ತು ಇದರಲ್ಲಿದೆ: ಈಗಲ್ ಎಂಬ ಸಾಗಣೆ ನೌಕೆ. ಮಿಡತೆಯ ತಲೆಯಂಥ ಚಾಲಕನ ಕೋಣೆ, ಕೊಳವೆಗಳನ್ನು ಹೆಣೆದ ಬೆನ್ನೆಲುಬು, ಕೆಳಗೆ ನಾಲ್ಕು ಪಾದ, ನಡುವೆ ಬೇಕಾದಂತೆ ಬದಲಿಸಬಹುದಾದ ಡಬ್ಬಿ. ಜನ ಒಯ್ಯಬೇಕಾದರೆ ಪ್ರಯಾಣಿಕರ ಡಬ್ಬಿ, ಸಾಮಾನಿದ್ದರೆ ಸಾಮಾನಿನದು. ವಿನ್ಯಾಸ ಬ್ರಯಾನ್ ಜಾನ್ಸನ್ ಅವರದು. 2001: ಎ ಸ್ಪೇಸ್ ಒಡಿಸ್ಸಿ ಚಿತ್ರದ ತಂತ್ರದೃಶ್ಯ ವಿಭಾಗದಲ್ಲಿ ದುಡಿದು ಬಂದವರು ಅವರು. ಗಾಳಿಯಿಲ್ಲದ ಕಡೆ ಹಾರುವ ಯಂತ್ರಕ್ಕೆ ನುಣುಪಾದ ಮೈ ಯಾಕೆ ಬೇಕು ಎಂಬ ಎಂಜಿನಿಯರನ ಪ್ರಶ್ನೆ ಆ ನೌಕೆಯ ಪ್ರತಿ ಕೊಳವೆಯಲ್ಲೂ ಕಾಣುತ್ತದೆ. ಬಾಹ್ಯಾಕಾಶ ನೌಕೆಯ ಬಹುತೇಕ ಕಲ್ಪನೆಗಳು ವಿಮಾನದ ನಕಲಾಗಿದ್ದಾಗ ಇದು ಲಾರಿಯಂತಿತ್ತು, ದಿನವೂ ದುಡಿಯುವ ವಸ್ತುವಿನಂತೆ ಕಾಣುತ್ತಿತ್ತು.

ಮಾದರಿಗಳ ಚಿತ್ರೀಕರಣ ನಡೆದದ್ದು ಪೈನ್‌ವುಡ್‌ನಲ್ಲಲ್ಲ, ಬ್ರೇ ಸ್ಟುಡಿಯೋದಲ್ಲಿ. ಅದು ಹಿಂದೆ ಹ್ಯಾಮರ್ ಸಂಸ್ಥೆಯ ಡ್ರಾಕುಲಾ ಚಿತ್ರಗಳ ತವರು. ಅಲ್ಲಿ ಈಗಲ್‌ನ ಹಲವು ಅಳತೆಯ ಮಾದರಿಗಳಿದ್ದವು. ದೊಡ್ಡದು 44 ಅಂಗುಲ ಉದ್ದ. ಮೈಮೇಲಿನ ಸಣ್ಣ ಭಾಗಗಳು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳಿಂದ ಕಿತ್ತು ಅಂಟಿಸಿದವು. ಮಾದರಿಯನ್ನು ಸಣ್ಣ ತಂತಿಗಳಲ್ಲಿ ತೂಗಿಬಿಟ್ಟು, ಒಳಗಿನ ನಳಿಕೆಗಳಿಂದ ಫ್ರಿಯಾನ್ ಅನಿಲ ಚಿಮ್ಮಿಸಿದರೆ ಎಂಜಿನ್ನಿನ ಉಗುಳಾಯಿತು. ಅದೇ ಚಿಮ್ಮುವಿಕೆ ಕೆಳಗೆ ಹರಡಿದ ಪುಡಿಯನ್ನು ಎಬ್ಬಿಸಿ ಚಂದ್ರನ ಧೂಳಾಯಿತು. ಓಟ ಹೆಚ್ಚಿಸಿದ ಕ್ಯಾಮೆರಾದಲ್ಲಿ ತೆಗೆದದ್ದರಿಂದ ತೆರೆಯ ಮೇಲೆ ಧೂಳು ನಿಧಾನಕ್ಕೆ ಏಳುತ್ತದೆ, ನೌಕೆಗೆ ತೂಕ ಬಂದಂತಿರುತ್ತದೆ.

ಜಾನ್ಸನ್ ತಂಡದ ಇನ್ನೊಂದು ಜಾಣ್ಮೆ ಬೇರೆ ಬೇರೆ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಬಗೆ. ಸಾಮಾನ್ಯವಾಗಿ ಇದನ್ನು ಲ್ಯಾಬಿನಲ್ಲಿ ಆಪ್ಟಿಕಲ್ ವಿಧಾನದಿಂದ ಮಾಡುತ್ತಿದ್ದರು. ಅದಕ್ಕೆ ಹಣವೂ ಸಮಯವೂ ಬೇಕು, ಪ್ರತಿ ನಕಲಿಗೂ ಚಿತ್ರದ ಹೊಳಪು ಕುಂದುತ್ತದೆ. ಇವರು ಕಪ್ಪು ಹಿನ್ನೆಲೆಯಲ್ಲಿ ನೌಕೆಯನ್ನು ತೆಗೆದು, ಅದೇ ರೀಲನ್ನು ಕ್ಯಾಮೆರಾದಲ್ಲೇ ಹಿಂದಕ್ಕೆ ಸುತ್ತಿ, ಕಪ್ಪಾಗಿ ಉಳಿದ ಜಾಗಕ್ಕೆ ನಕ್ಷತ್ರಗಳನ್ನು ತೆಗೆಯುತ್ತಿದ್ದರು. ಮತ್ತೆ ಸುತ್ತಿ ಗ್ರಹ, ಮತ್ತೆ ಸುತ್ತಿ ಇನ್ನೊಂದು ನೌಕೆ. ಎಲ್ಲಾದರೂ ಎಣಿಕೆ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕು. ಸರಿಹೋದರೆ ಮೂಲ ನೆಗೆಟಿವ್‌ನ ಸ್ಪಷ್ಟತೆಯೇ ಸಿಗುತ್ತದೆ. ಐವತ್ತು ವರ್ಷದ ಮೇಲೂ ಈ ದೃಶ್ಯಗಳು ಸಪ್ಪೆಯಾಗದಿರುವ ರಹಸ್ಯ ಇದು. ಮುಂದೆ ಜಾನ್ಸನ್ ಏಲಿಯನ್ ಮತ್ತು ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್ ಚಿತ್ರಗಳ ತಂಡದಲ್ಲಿದ್ದು ಎರಡಕ್ಕೂ ಆಸ್ಕರ್ ಪಡೆದರು.

ನೆಲೆಯ ಒಳಾಂಗಣ ಕೀತ್ ವಿಲ್ಸನ್ ಅವರ ಕೆಲಸ. ಒಂದೇ ಅಳತೆಯ ಬಿಳಿ ಹಲಗೆಗಳನ್ನು ಜೋಡಿಸಿ ಬಿಚ್ಚಿ, ಇಂದು ಆಸ್ಪತ್ರೆ, ನಾಳೆ ಮಲಗುವ ಕೋಣೆ. ನಡುವೆ ಮೇನ್ ಮಿಷನ್ ಎಂಬ ಎತ್ತರದ ಹಜಾರ, ಅದರ ದೊಡ್ಡ ಕಿಟಕಿಗಳಾಚೆ ಬೂದು ನೆಲ. ಉಡುಪು ರೂಪಿಸಿದವರು ಅಮೆರಿಕದ ಪ್ರಸಿದ್ಧ ಫ್ಯಾಷನ್ ವಿನ್ಯಾಸಗಾರ ರೂಡಿ ಗರ್ನ್‌ರೈಕ್. ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ತಿಳಿ ಬಣ್ಣದ ಉಡುಪು, ಎಡತೋಳಿನ ಬಣ್ಣ ಮಾತ್ರ ಇಲಾಖೆಗೆ ತಕ್ಕಂತೆ: ಕಮಾಂಡರಿಗೆ ಕಪ್ಪು, ವೈದ್ಯರಿಗೆ ಬಿಳಿ. ಬ್ಯಾರಿ ಗ್ರೇ ಅವರ ಶೀರ್ಷಿಕೆ ಸಂಗೀತದಲ್ಲಿ ವಾದ್ಯವೃಂದದ ಗಾಂಭೀರ್ಯದ ನಡುವೆ ಎಲೆಕ್ಟ್ರಿಕ್ ಗಿಟಾರ್ ನುಗ್ಗುತ್ತದೆ. ಇಡೀ ಧಾರಾವಾಹಿಯ ಒಳಜಗಳ ಆ ಒಂದು ನಿಮಿಷದಲ್ಲೇ ಕೇಳಿಸುತ್ತದೆ.

ವಿಜ್ಞಾನದ ಲೆಕ್ಕ

ವಿಜ್ಞಾನದ ದೃಷ್ಟಿಯಿಂದ ಈ ಕಥೆ ನಿಲ್ಲುವುದಿಲ್ಲ. ಇದನ್ನು ಮೊದಲು ಜೋರಾಗಿ ಹೇಳಿದವರಲ್ಲಿ ಐಸಾಕ್ ಅಸಿಮೋವ್ ಒಬ್ಬರು. 1975ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ವಿಮರ್ಶೆಯಲ್ಲಿ, ಚಂದ್ರನನ್ನು ಕಕ್ಷೆಯಿಂದ ಕೀಳಬಲ್ಲ ಸ್ಫೋಟ ಅದನ್ನು ಚೂರುಚೂರು ಮಾಡಿಬಿಡುತ್ತದೆ, ಹೇಗೋ ಹೊರಟರೂ ಹತ್ತಿರದ ನಕ್ಷತ್ರ ತಲುಪಲು ಸಾವಿರಾರು ವರ್ಷ ಬೇಕು ಎಂದು ತೋರಿಸಿದರು. ಲೆಕ್ಕ ಹಾಕಿ ನೋಡಬಹುದು. ಭೂಮಿಯ ಹಿಡಿತ ತಪ್ಪಿದರೂ ಚಂದ್ರ ಸೂರ್ಯನ ಹಿಡಿತದಲ್ಲೇ ಇರುತ್ತಾನೆ. ನಾವಿರುವ ದೂರದಿಂದ ಸೂರ್ಯನನ್ನೂ ಬಿಟ್ಟು ಹೋಗಲು ಸೆಕೆಂಡಿಗೆ ಸುಮಾರು 42 ಕಿ.ಮೀ. ವೇಗ ಬೇಕು. ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ, ಅಂದರೆ ಸುಮಾರು 40 ಲಕ್ಷ ಕೋಟಿ ಕಿ.ಮೀ. ದೂರದಲ್ಲಿದೆ. ಆ 42 ಕಿ.ಮೀ. ವೇಗ ಸ್ವಲ್ಪವೂ ತಗ್ಗದೆ ಹಾಗೇ ಉಳಿಯಿತು ಎಂದುಕೊಂಡರೂ 30,000 ವರ್ಷ ಹಿಡಿಯುತ್ತದೆ. ಧಾರಾವಾಹಿಯಲ್ಲಿ ಆಲ್ಫಾ ವಾರಕ್ಕೊಂದು ಸೌರವ್ಯೂಹ ದಾಟುತ್ತದೆ; ಆದರೆ ಗ್ರಹವೊಂದರ ಬಳಿ ಬಂದಾಗ ಈಗಲ್ ಹೋಗಿಬರುವಷ್ಟು ನಿಧಾನವಾಗಿ ಹಾದುಹೋಗುತ್ತದೆ.

ಅದೇ ವಿಮರ್ಶೆಯಲ್ಲಿ ಅಸಿಮೋವ್ ಮೆಚ್ಚಿದ್ದೂ ಇದೆ: ಚಂದ್ರನ ಕಡಿಮೆ ಗುರುತ್ವದಲ್ಲಿ ಜನ ಚಲಿಸುವ ರೀತಿ ಮತ್ತು ನೆಲೆಯ ವಿನ್ಯಾಸದ ನೈಜತೆ. ಈ ಇಬ್ಬಗೆಯೇ ವಿಚಿತ್ರ. ಬೋಲ್ಟು, ಬಾಗಿಲು, ಧೂಳು ಎಲ್ಲವೂ ನಂಬುವಂತಿದೆ, ಮೂಲ ಘಟನೆ ಮಾತ್ರ ನಂಬಲಾಗದ್ದು. ಹಾಗೆಂದು ಇದನ್ನು ವಿಜ್ಞಾನಪಾಠವಾಗಿ ತೂಗುವುದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಬರ್ನ್ ಮತ್ತು ಪೆನ್‌ಫೋಲ್ಡ್ ಬರೆಯುತ್ತಿದ್ದದ್ದು ಪುರಾಣದ ಜಾತಿಗೆ ಸೇರಿದ್ದನ್ನು. ನೆಲ ಕಳೆದುಕೊಂಡ ಒಂದು ಬುಡಕಟ್ಟು, ಅದನ್ನು ಯಾರೋ ನಡೆಸುತ್ತಿರಬಹುದೆಂಬ ಗುಮಾನಿ.

ಮೊದಲ ಸೀಸನ್

ಆ ಗುಮಾನಿ ಮೊದಲು ಮಾತಾದದ್ದು ಡೇವಿಡ್ ವೀರ್ ಬರೆದ ‘ಬ್ಲ್ಯಾಕ್ ಸನ್’ ಕಂತಿನಲ್ಲಿ. ಚಂದ್ರ ಕಪ್ಪು ಸೂರ್ಯನೊಂದರ ಕಡೆಗೆ ಬೀಳುತ್ತಿದ್ದಾನೆ. ಬರ್ಗ್‌ಮನ್ ಒಂದು ರಕ್ಷಣಾ ವಲಯ ಕಟ್ಟುತ್ತಾನೆ, ಅದು ಸಾಲದೆಂಬುದು ಅವನಿಗೇ ಗೊತ್ತು. ಆರು ಜನರನ್ನು ಒಂದು ಈಗಲ್‌ನಲ್ಲಿ ದೂರ ಕಳಿಸುತ್ತಾರೆ, ಉಳಿದವರು ಶಾಲು ಹೊದ್ದು ಕಾಯುತ್ತಾರೆ. ಕೋನಿಗ್ ಮತ್ತು ಬರ್ಗ್‌ಮನ್ ಎದುರುಬದುರು ಕೂತು ಒಂದೊಂದು ಲೋಟ ಕೈಯಲ್ಲಿ ಹಿಡಿದು, ಇಲ್ಲಿಯವರೆಗೆ ಬದುಕಿದ್ದು ಹೇಗೆ ಎಂದು ಮಾತಾಡುತ್ತಾರೆ. ಅದೃಷ್ಟವೇ? ಇನ್ನಾರದೋ ಕೈಯೇ? ಒಳಗೆ ಹೋದ ಮೇಲೆ ಇಬ್ಬರೂ ಹಣ್ಣು ಹಣ್ಣು ಮುದುಕರಾಗಿ, ಗಾಜಿನಂತೆ ತೆಳ್ಳಗಾಗಿ, ಒಂದು ಹೆಣ್ಣುದನಿಯೊಡನೆ ಮಾತಾಡುತ್ತಾರೆ. ಆಚೆ ಬದಿಗೆ ಬಂದಾಗ ಏನೂ ಆಗಿಲ್ಲವೆಂಬಂತೆ ಇರುತ್ತಾರೆ, ಕಳಿಸಿಬಿಟ್ಟಿದ್ದ ಈಗಲ್ ಕೂಡ ಮರಳಿ ಬರುತ್ತದೆ. ಹೇಗೆಂದು ಯಾರೂ ವಿವರಿಸುವುದಿಲ್ಲ. ಅಭಿಮಾನಿಗಳು ಮುಂದೆ ಈ ಅಗೋಚರ ಕೈಗೆ ‘ನಿಗೂಢ ಅಜ್ಞಾತ ಶಕ್ತಿ’ ಎಂದು ಹೆಸರಿಟ್ಟರು. ಹಲವು ಟೀಕಾಕಾರರಿಗೆ ಇದು ಬರೆಯುವವರ ಸೋಮಾರಿತನವಾಗಿ ಕಂಡಿತು. ‘ದಿ ಲಾಸ್ಟ್ ಸನ್‌ಸೆಟ್’, ‘ಸ್ಪೇಸ್ ಬ್ರೈನ್’ ಮೊದಲಾದ ಕಡೆ ಆ ಆರೋಪದಲ್ಲಿ ಹುರುಳಿದೆ. ‘ಸ್ಪೇಸ್ ಬ್ರೈನ್’ನಲ್ಲಿ ನೆಲೆಯೊಳಗೆಲ್ಲ ಸೋಪಿನ ನೊರೆ ತುಂಬಿದಾಗ ಗಾಂಭೀರ್ಯ ಕರಗಿಹೋಗುತ್ತದೆ. ಆದರೆ ‘ಬ್ಲ್ಯಾಕ್ ಸನ್’ನ ಆ ಎರಡು ಲೋಟಗಳ ಮಾತುಕತೆಗೆ ಸಾಟಿಯಾದದ್ದು ಆ ಕಾಲದ ಟಿವಿ ಸಾಹಸಕಥೆಗಳಲ್ಲಿ ಹುಡುಕಿದರೂ ಸಿಗದು.

ಹೆಚ್ಚು ಜನರ ನೆನಪಿನಲ್ಲಿ ಉಳಿದದ್ದು ಪೆನ್‌ಫೋಲ್ಡ್ ಬರೆದು ಕ್ರೈಟನ್ ನಿರ್ದೇಶಿಸಿದ ‘ಡ್ರ್ಯಾಗನ್ಸ್ ಡೊಮೇನ್’. ಚಂದ್ರ ಕಕ್ಷೆ ಬಿಡುವ ಮೂರು ವರ್ಷ ಮೊದಲು, 1996ರಲ್ಲಿ, ಟೋನಿ ಚೆಲ್ಲಿನಿ ಎಂಬ ನಾಯಕನೂ ಸೇರಿ ನಾಲ್ವರು ದೂರದ ಅಲ್ಟ್ರಾ ಗ್ರಹಕ್ಕೆ ಹೊರಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಪಾಳುನೌಕೆಗಳ ಸ್ಮಶಾನ. ಒಂದಕ್ಕೆ ಜೋಡಿಸಿಕೊಂಡು ಬಾಗಿಲು ತೆರೆದಾಗ ಒಂದೇ ಕಣ್ಣಿನ, ಬಳ್ಳಿಗಳಂಥ ಕೈಗಳ ಮೃಗ ಒಳನುಗ್ಗಿ ಮೂವರನ್ನು ಒಬ್ಬೊಬ್ಬರಾಗಿ ಎಳೆದುಕೊಂಡು, ಒಣಗಿದ ಕರಿ ಹೆಣಗಳನ್ನಾಗಿ ಉಗುಳುತ್ತದೆ. ಯಾವ ಉಪಕರಣವೂ ಅದನ್ನು ಜೀವವೆಂದು ಗುರುತಿಸುವುದಿಲ್ಲ. ಬದುಕಿ ಮರಳಿದ ಚೆಲ್ಲಿನಿಯ ಮಾತನ್ನು ಭೂಮಿಯಲ್ಲಿ ನಂಬಿದವರು ಬೆರಳೆಣಿಕೆಯವರು. ಹಿನ್ನೆಲೆಯಲ್ಲಿ ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ಅಡಾಜಿಯೋ ತಣ್ಣಗೆ ಹರಿಯುತ್ತದೆ. ಗಗನನೌಕೆ ಹೊರಡುವ ಸಂಭ್ರಮದ ದೃಶ್ಯಕ್ಕೇ ಸೂತಕದ ಕಳೆ ಬರುತ್ತದೆ. ವರ್ಷಗಳ ಮೇಲೆ ಆ ಸ್ಮಶಾನ ಆಲ್ಫಾದ ದಾರಿಯಲ್ಲೇ ಎದುರಾದಾಗ ಚೆಲ್ಲಿನಿ ಕೊಡಲಿ ಹಿಡಿದು ಒಬ್ಬನೇ ಹೋಗುತ್ತಾನೆ, ಸಾಯುತ್ತಾನೆ. ಚಿಕ್ಕಂದಿನಲ್ಲಿ ಇದನ್ನು ನೋಡಿ ನಿದ್ದೆ ಕೆಟ್ಟವರು ಮಧ್ಯವಯಸ್ಸಿನಲ್ಲಿ ಮತ್ತೆ ನೋಡಿದರೆ ಮೃಗ ರಬ್ಬರಿನದೆಂದು ಗೊತ್ತಾಗಬಹುದು. ಆಗ ಕಾಡುವುದು ಚೆಲ್ಲಿನಿಯ ಮಾತು ಯಾರೂ ಕೇಳದಿರುವುದು.

ಚೆಲ್ಲಿನಿಯಾಗಿ ನಟಿಸಿದವರು ಇಟಲಿಯ ಜಾನ್ನಿ ಗಾರ್ಕೋ. ರಾಯ್ ಪಾಲುದಾರಿಕೆಯ ಕಾರಣ ಕೆಲವು ಕಂತುಗಳಿಗೆ ಇಟಲಿಯ ನಟರು ಬಂದರು. ಬ್ರಿಟನ್ನಿನ ಹೆಸರಾಂತರೂ ಸಾಲಾಗಿ ಬಂದುಹೋದರು: ಪೀಟರ್ ಕುಶಿಂಗ್, ಕ್ರಿಸ್ಟೋಫರ್ ಲೀ, ಜೋನ್ ಕಾಲಿನ್ಸ್, ಲಿಯೋ ಮೆಕರ್ನ್. ‘ಕೊಲಿಷನ್ ಕೋರ್ಸ್’ ಕಂತಿನಲ್ಲಿ ಮಾರ್ಗರೆಟ್ ಲೇಟನ್ ಮುಸುಕು ಹೊದ್ದ ವೃದ್ಧ ರಾಣಿಯಾಗಿ ಕೂತಲ್ಲೇ ಕೂತು ಇಡೀ ಕಥೆಯನ್ನು ಹೊರುತ್ತಾರೆ. ಇದರ ಚಿತ್ರೀಕರಣವಾದ ಒಂದೆರಡು ವರ್ಷದಲ್ಲೇ ಅವರು ತೀರಿಕೊಂಡರು.

ಭಾರತದ ನೋಡುಗರು ಕಿವಿ ನಿಮಿರಿಸುವ ಎರಡು ಕಂತುಗಳಿವೆ. ‘ದಿ ಟ್ರಬಲ್ಡ್ ಸ್ಪಿರಿಟ್’ ಸಿತಾರ್ ಕಛೇರಿಯಿಂದ ಶುರುವಾಗುತ್ತದೆ. ನುಡಿಸುತ್ತಿರುವವರು ಇಂಗ್ಲೆಂಡಿನ ಖ್ಯಾತ ಗಿಟಾರ್ ವಾದಕ ಬಿಗ್ ಜಿಮ್ ಸಲಿವನ್. ಬೀಟಲ್ಸ್ 1965ರಲ್ಲಿ ಸಿತಾರ್ ಬಳಸಿದ ಮೇಲೆ ಬ್ರಿಟನ್ನಿನ ಜನಪ್ರಿಯ ಸಂಗೀತದಲ್ಲಿ ಆ ವಾದ್ಯ ನಿಗೂಢತೆಯ ಗುರುತಾಗಿತ್ತು. ಇಲ್ಲೂ ಅದೇ ಕೆಲಸಕ್ಕೆ ಬಂದಿದೆ. ನಮ್ಮ ಕಿವಿಗೆ ಅದು ರಾಗವಾಗಿ ಬೆಳೆಯುವುದಿಲ್ಲ, ಆದರೂ ಖಾಲಿ ಮೊಗಸಾಲೆಗಳಲ್ಲಿ ಗಾಳಿ ಬೀಸುತ್ತಿರುವಾಗ ಆ ನಾದದಲ್ಲಿ ನಡುಕವಿದೆ. ಗಿಡಗಳೊಡನೆ ಮಾತಾಡಲು ಹೊರಟ ಸಸ್ಯವಿಜ್ಞಾನಿಯನ್ನು ಅವನದೇ ಭವಿಷ್ಯದ ಪ್ರೇತ ಕಾಡುವ ಈ ಕಥೆ ಸೀಸನ್ನಿನ ಅಚ್ಚುಕಟ್ಟಾದ ಕಂತುಗಳಲ್ಲೊಂದು.

ಇನ್ನೊಂದು, ಸೀಸನ್ನಿನ ಕೊನೆಗೆ ತಯಾರಾದ, ಜಾನಿ ಬರ್ನ್ ಬರೆದ ‘ದಿ ಟೆಸ್ಟಮೆಂಟ್ ಆಫ್ ಆರ್ಕೇಡಿಯಾ’. ಚಂದ್ರ ಇದ್ದಕ್ಕಿದ್ದಂತೆ ಒಂದು ಸತ್ತ ಗ್ರಹದ ಬಳಿ ನಿಂತುಬಿಡುತ್ತಾನೆ. ಇಳಿದು ನೋಡಿದರೆ ಒಣಗಿ ನಿಂತ ಮರಗಳು ಭೂಮಿಯ ಜಾತಿಯವೇ. ಒಂದು ಗವಿಯಲ್ಲಿ ಮೇಜಿನ ಸುತ್ತ ಕೂತ ಭಂಗಿಯಲ್ಲೇ ಮನುಷ್ಯರ ಅಸ್ಥಿಪಂಜರಗಳು. ಗೋಡೆಯ ಮೇಲೆ ಬರಹ. ಅನ್ನಾ ಡೇವಿಸ್ ಎಂಬ ಭಾಷಾಶಾಸ್ತ್ರಜ್ಞೆ ಅದನ್ನು ಗುರುತಿಸುತ್ತಾಳೆ: ಸಂಸ್ಕೃತ. ತಮ್ಮ ಲೋಕವನ್ನು ತಾವೇ ಸುಟ್ಟುಕೊಂಡ ಜನ ಜೀವದ ಬೀಜಗಳನ್ನು ಹೊತ್ತು ಭೂಮಿಗೆ ಬಂದರು, ನಾವು ಅವರ ಸಂತಾನ ಎಂದು ಆ ಬರಹ ಹೇಳುತ್ತದೆ. ಎರಿಕ್ ಫಾನ್ ಡ್ಯಾನಿಕನ್ನನ ಅನ್ಯಗ್ರಹವಾಸಿ ವಾದಗಳು ಬಿಸಿಬಿಸಿಯಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಸಂಸ್ಕೃತವೇ ಎಲ್ಲ ಭಾಷೆಗಳ ತಾಯಿ ಎಂಬ ಹಳೆಯ ನಂಬಿಕೆಯ ನೆರಳೂ ಇಲ್ಲಿದೆ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಗ್ರೀಕ್, ಲ್ಯಾಟಿನ್‌ಗಳಂತೆ ಸಂಸ್ಕೃತವೂ ಇಂಡೋ-ಯುರೋಪಿಯನ್ ಕುಟುಂಬದ ಒಂದು ಕವಲು. ಕನ್ನಡವಂತೂ ಬೇರೆಯೇ ಆದ ದ್ರಾವಿಡ ಕುಟುಂಬದ್ದು. ಆದರೂ ಆ ಗವಿಯ ದೃಶ್ಯಕ್ಕೆ ಒಂದು ಶಕ್ತಿಯಿದೆ. ಊರು ಬಿಟ್ಟವರು ಊರಿನ ಮೊದಲ ಬಾಗಿಲಿಗೆ ಬಂದು ನಿಂತಿದ್ದಾರೆ, ಒಳಗೆ ಯಾರೂ ಇಲ್ಲ. ಅನ್ನಾ ಮತ್ತು ಅವಳ ಜೊತೆಗಾರ ಫೆರೋ ಆ ಸತ್ತ ಮಣ್ಣಿನಲ್ಲಿ ಮತ್ತೆ ಬಿತ್ತಲು ಹಟ ಹಿಡಿದು ಉಳಿಯುತ್ತಾರೆ. ಚಂದ್ರ ಮತ್ತೆ ಹೊರಡುತ್ತಾನೆ.

ಎರಡನೇ ಸೀಸನ್

ಅಮೆರಿಕದ ಮೂರು ದೊಡ್ಡ ಜಾಲಗಳಲ್ಲಿ ಯಾವುದೂ ಧಾರಾವಾಹಿಯನ್ನು ಕೊಳ್ಳಲಿಲ್ಲ. ಮ್ಯಾಂಡೆಲ್ ಊರೂರಿನ ಸ್ಥಳೀಯ ಕೇಂದ್ರಗಳಿಗೆ ಒಂದೊಂದಾಗಿ ಮಾರಿದರು. ಬ್ರಿಟನ್ನಿನಲ್ಲೂ ಐಟಿವಿಯ ಪ್ರಾದೇಶಿಕ ಕೇಂದ್ರಗಳು ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಹಾಕಿದವು; ನಾಡಿಗೆ ನಾಡೇ ಒಟ್ಟಿಗೆ ನೋಡಿ ಮರುದಿನ ಮಾತಾಡುವ ಅವಕಾಶ ಇದಕ್ಕೆ ಬರಲೇ ಇಲ್ಲ. ಲ್ಯಾಂಡೌ ಮತ್ತು ಬೇನ್ ಅವರ ತಗ್ಗಿದ ಅಭಿನಯವನ್ನು ವಿಮರ್ಶಕರು ಮರಗಟ್ಟಿದ್ದು ಎಂದರು. ನ್ಯೂಯಾರ್ಕಿಗೆ ಇನ್ನಷ್ಟು ಓಟ, ನಗು, ಪ್ರೇಮ ಬೇಕಿತ್ತು. ಅಷ್ಟರಲ್ಲಿ ಆ್ಯಂಡರ್ಸನ್ ದಂಪತಿಯ ಸಂಸಾರ ಒಡೆದು ಸಿಲ್ವಿಯಾ ಹೊರಹೋಗಿದ್ದರು. ಅವರ ಜಾಗಕ್ಕೆ ಅಮೆರಿಕದಿಂದ ಬಂದವರು ಫ್ರೆಡ್ ಫ್ರೈಬರ್ಗರ್, ಸ್ಟಾರ್ ಟ್ರೆಕ್ಕಿನ ಕೊನೆಯ ಸೀಸನ್ನಿನ ನಿರ್ಮಾಪಕ.

ಬದಲಾವಣೆ ಆಮೂಲಾಗ್ರ. ಬರ್ಗ್‌ಮನ್ ಇಲ್ಲ, ಏನಾದ ಎಂದು ತೆರೆಯ ಮೇಲೆ ಒಂದು ಮಾತೂ ಇಲ್ಲ. ಮೇನ್ ಮಿಷನ್ನಿನ ಎತ್ತರದ ಹಜಾರದ ಬದಲು ನೆಲದಡಿಯ ಇಕ್ಕಟ್ಟಾದ ಕೋಣೆ, ಕಿಟಕಿಗಳೇ ಇಲ್ಲ. ಕೆಲವು ಸಹಪಾತ್ರಗಳೂ ಮಾಯ. ಬ್ಯಾರಿ ಗ್ರೇ ಜಾಗದಲ್ಲಿ ಡೆರೆಕ್ ವಾಡ್ಸ್‌ವರ್ತ್ ಅವರ ಚುರುಕಾದ ಸಂಗೀತ. ಟೋನಿ ವರ್ಡೆಸ್ಕಿ ಎಂಬ ಭದ್ರತಾ ಮುಖ್ಯಸ್ಥ ಬಂದ. ಅವನು ಬಿಡುವಿನಲ್ಲಿ ಬಿಯರ್ ತಯಾರಿಸುತ್ತಾನೆ. ಮುಖ್ಯ ಸೇರ್ಪಡೆ ಮಾಯಾ, ಸೈಕಾನ್ ಗ್ರಹದವಳು, ಬೇಕಾದ ಪ್ರಾಣಿಯ ರೂಪ ತಾಳಬಲ್ಲವಳು. ಹೆಸರು ನಮ್ಮ ಕಿವಿಗೆ ಎಷ್ಟು ಹೊಂದುತ್ತದೆಂದು ಹೇಳಬೇಕಾಗಿಲ್ಲ. ಈ ಪಾತ್ರ ಮಾಡಿದ ಕ್ಯಾಥರಿನ್ ಶೆಲ್ ಎರಡನೇ ಸೀಸನ್ನಿನ ಉಸಿರು. ಅನ್ಯಲೋಕದ ಹುಡುಗಿಯ ಕುತೂಹಲ, ತಂದೆಯನ್ನೂ ಗ್ರಹವನ್ನೂ ಕಳೆದುಕೊಂಡ ದುಃಖ ಎರಡನ್ನೂ ಅವರು ಕಣ್ಣಿನಲ್ಲೇ ಹಿಡಿದಿಟ್ಟರು.

ಅವರ ಸುತ್ತಲಿನ ಕಥೆಗಳು ಆ ಮಟ್ಟಕ್ಕೆ ಏರಲಿಲ್ಲ. ಹಣ ಉಳಿಸಲು ಕೆಲವೊಮ್ಮೆ ಎರಡು ಕಂತುಗಳನ್ನು ಒಟ್ಟೊಟ್ಟಿಗೆ ತೆಗೆದರು; ತಾರೆಯರನ್ನು ಹಂಚಿ, ಒಂದರಲ್ಲಿ ಲ್ಯಾಂಡೌ ಇದ್ದರೆ ಇನ್ನೊಂದರಲ್ಲಿ ಇಲ್ಲ. ಫ್ರೈಬರ್ಗರ್ ತಾವೇ ಚಾರ್ಲ್ಸ್ ವುಡ್‌ಗ್ರೋವ್ ಎಂಬ ಗುಪ್ತನಾಮದಲ್ಲಿ ಬರೆದ ‘ದಿ ರೂಲ್ಸ್ ಆಫ್ ಲೂಟನ್’ನಲ್ಲಿ ಹೂ ಕಿತ್ತ ತಪ್ಪಿಗೆ ಮರಗಳು ಕೋನಿಗ್ ಮತ್ತು ಮಾಯಾಳನ್ನು ವಿಚಾರಣೆಗೆ ಎಳೆಯುತ್ತವೆ. ರಸ್ತೆ ಬದಿಯ ಫಲಕದಲ್ಲಿ ಕಂಡ ಇಂಗ್ಲೆಂಡಿನ ಒಂದು ಊರಿನ ಹೆಸರೇ ಗ್ರಹದ ಹೆಸರಾಯಿತು. ಕಥೆಯ ಹೊರಮೈ ನಗು ತರಿಸಿದರೂ ಅದರಲ್ಲಿ ಒಂದು ಒಳ್ಳೆಯ ಗಳಿಗೆಯಿದೆ. ಗಾಯಗೊಂಡು ಅಡಗಿ ಕೂತ ಇಬ್ಬರೂ ತಾವು ಕಳೆದುಕೊಂಡವರ ಬಗ್ಗೆ ಹೇಳಿಕೊಳ್ಳುತ್ತಾರೆ. ಕೋನಿಗ್ ತನ್ನ ಸತ್ತ ಹೆಂಡತಿಯ ಬಗ್ಗೆ, ಮಾಯಾ ತನ್ನ ಮನೆಯವರ ಬಗ್ಗೆ. ಮೊದಲ ಸೀಸನ್ನಿನಲ್ಲಿ ಪಾತ್ರಗಳು ಹೀಗೆ ಮನಬಿಚ್ಚಿದ್ದು ಕಡಿಮೆ. ಫ್ರೈಬರ್ಗರ್ ಕೊರತೆಯನ್ನು ಸರಿಯಾಗಿಯೇ ಗುರುತಿಸಿದ್ದರು. ಆ ಬಿಸುಪನ್ನು ತರಲು ಹೋಗಿ ಬೆರಗನ್ನು ಬಿಟ್ಟುಕೊಟ್ಟದ್ದು ದೊಡ್ಡ ನಷ್ಟ. ಇಡೀ ಹೊಣೆಯನ್ನು ಅವರೊಬ್ಬರ ತಲೆಗೆ ಕಟ್ಟುವ ರೂಢಿ ಅಭಿಮಾನಿಗಳಲ್ಲಿದೆ. ಅದು ನ್ಯಾಯವಲ್ಲ, ಏನು ಬೇಕೆಂದು ನ್ಯೂಯಾರ್ಕ್ ಮೊದಲೇ ಹೇಳಿಯಾಗಿತ್ತು.

ನೋಡಲೇಬೇಕಾದವು ಈ ಸೀಸನ್ನಿನಲ್ಲೂ ಇವೆ. ಡೊನಾಲ್ಡ್ ಜೇಮ್ಸ್ ಬರೆದ ‘ಜರ್ನಿ ಟು ವೇರ್’ನಲ್ಲಿ ಭವಿಷ್ಯದ ಭೂಮಿಯೊಡನೆ ಸಂಪರ್ಕ ಸಿಕ್ಕಿ, ಮನೆಗೆ ಹೊರಟವರು ಹದಿನಾಲ್ಕನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಬೀಳುತ್ತಾರೆ. ಅವರದೇ ‘ದಿ ಸೆಯಾನ್ಸ್ ಸ್ಪೆಕ್ಟರ್’ನಲ್ಲಿ ನೆಲದ ಹಂಬಲ ತಡೆಯಲಾರದೆ ಆಲ್ಫಾದವರೇ ಕೋನಿಗ್ ವಿರುದ್ಧ ದಂಗೆ ಏಳುತ್ತಾರೆ. 1976ರ ಡಿಸೆಂಬರಿನಲ್ಲಿ ಚಿತ್ರೀಕರಣ ಮುಗಿಯಿತು. ಮೂರನೇ ಸೀಸನ್ ಬರಲಿಲ್ಲ. ಕೊನೆಯ ಕಂತು ‘ದಿ ಡಾರ್ಕನ್ಸ್’ ಇನ್ನೊಂದು ವಾರದ ಕಥೆಯಂತೆಯೇ ಮುಗಿಯುತ್ತದೆ. ಚಂದ್ರನಿಗೆ ಏನಾಯಿತೆಂದು ಯಾರೂ ಹೇಳಲಿಲ್ಲ.

ಆಮೇಲೆ

ಡಿಂಕಿ ಮತ್ತು ಮ್ಯಾಟೆಲ್ ಕಂಪನಿಗಳ ಈಗಲ್ ಆಟಿಕೆಗಳು, ಇ. ಸಿ. ಟಬ್ ಮೊದಲಾದವರ ಕಾದಂಬರಿಗಳು, ಚಾರ್ಲ್‌ಟನ್ ಕಾಮಿಕ್ಸ್ ಎಲ್ಲ ಬಂದವು. ಇಟಲಿಯಲ್ಲಿ ಕೆಲವು ಕಂತುಗಳನ್ನು ಕತ್ತರಿಸಿ ಜೋಡಿಸಿದ ಸಿನಿಮಾಕ್ಕೆ ಎನ್ನಿಯೋ ಮೊರಿಕೋನೆ ಸಂಗೀತವಿತ್ತು. ಲ್ಯಾಂಡೌ ಬಹಳ ವರ್ಷ ಚಿಲ್ಲರೆ ಪಾತ್ರಗಳಲ್ಲಿ ಕಳೆದು, ಎಡ್ ವುಡ್ ಚಿತ್ರಕ್ಕೆ ಆಸ್ಕರ್ ಪಡೆದರು. ಧಾರಾವಾಹಿಯನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದ ಕಾರಣ 2010ರಿಂದ ಹೈ ಡೆಫಿನಿಷನ್ ಆವೃತ್ತಿಗಳು ಬರುವುದು ಸಾಧ್ಯವಾಯಿತು. ಆ ಸ್ಪಷ್ಟತೆಯಲ್ಲಿ ಈಗಲ್‌ನ ಮೈಮೇಲಿನ ಮಸಿಗೆರೆಗಳನ್ನೂ ಲ್ಯಾಂಡೌ ಮುಖದಲ್ಲಿ ಸುಳಿದು ಮರೆಯಾಗುವ ದಣಿವನ್ನೂ ನೋಡಬಹುದು. ಮರಗಟ್ಟಿದ್ದು ಎಂದವರು ನೋಡಿದ್ದು ಹಳೆಯ ಪುಟ್ಟ ಪೆಟ್ಟಿಗೆಯ ಮಸುಕು ಚಿತ್ರವನ್ನು. 2019ರಿಂದ ಬಿಗ್ ಫಿನಿಶ್ ಸಂಸ್ಥೆ ಹೊಸ ನಟರೊಂದಿಗೆ ಶ್ರಾವ್ಯ ನಾಟಕಗಳಾಗಿ ಈ ಕಥೆಗಳನ್ನು ಮತ್ತೆ ಹೇಳಿದೆ.

ಕಥೆಯ ದಿನಾಂಕ ನಿಜವಾಗಿಯೂ ಬಂತು. 1999ರ ಸೆಪ್ಟೆಂಬರ್ 13ರಂದು ಲಾಸ್ ಏಂಜಲೀಸ್‌ನಲ್ಲಿ ಅಭಿಮಾನಿಗಳು ಸೇರಿದ್ದರು. ಅಲ್ಲಿ ‘ಮೆಸೇಜ್ ಫ್ರಮ್ ಮೂನ್‌ಬೇಸ್ ಆಲ್ಫಾ’ ಎಂಬ ಕೆಲವೇ ನಿಮಿಷಗಳ ಕಿರುಚಿತ್ರ ತೋರಿಸಿದರು. ಅಭಿಮಾನಿಗಳೇ ಮುಂದೆ ನಿಂತು ಮಾಡಿದ್ದು, ಮಾತು ಬರೆದುಕೊಟ್ಟವರು ಜಾನಿ ಬರ್ನ್. ತೆರೆಯ ಮೇಲೆ ಇರುವುದು ಒಬ್ಬರೇ, ಝೀನಿಯಾ ಮರ್ಟನ್, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಮತ್ತೆ ಸಾಂಡ್ರಾಳ ಸಮವಸ್ತ್ರದಲ್ಲಿ. ಆಲ್ಫಾ ಸಾಯುತ್ತಿದೆ, ಇದ್ದವರೆಲ್ಲ ಒಂದು ಗ್ರಹಕ್ಕೆ ಇಳಿಯುತ್ತಿದ್ದಾರೆ. ಅವಳು ಹಿಂದೆ ಉಳಿದು, ಭೂಮಿಯಲ್ಲಿ ಯಾರಾದರೂ ಕೇಳಿಸಿಕೊಂಡಾರೆಂದು ಸಂದೇಶ ಕಳಿಸುತ್ತಾಳೆ. ಮೊದಲ ಸೀಸನ್ನಿನಲ್ಲಿ ಅವಳಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಪರದೆ ನೋಡಿ ಒಂದೆರಡು ವಾಕ್ಯ ಹೇಳುವ ಕೆಲಸ. ಇಲ್ಲಿ ಎಲ್ಲ ಮಾತೂ ಅವಳದೇ.